ಬ್ಯಾಟರಿ ಬಿಡಿ, ಫ್ಯಾನ್ ನೋಡಿದ್ರಾ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯದ್ದು. ಮೂವತ್ತು, ಐವತ್ತು ಲಕ್ಷದ ಹೈಬ್ರಿಡ್ ಕಾರುಗಳು, ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರ್ ಕೂಡ ಇರುವ ಕಾರುಗಳು, ಸೆಕೆಂಡ್ ಹ್ಯಾಂಡಲ್ಲಿ ಹೊಸ ಮಾರುತಿಯ ಬೆಲೆಗೆ ಸಿಗುತ್ತಿವೆ, ತೆಗೆದುಕೊಳ್ಳಬಹುದಾ ಅಂತ. ಸರಿ, ಈ ತಿಂಗಳು ಪೂರ್ತಿ ಹೈಬ್ರಿಡ್ ಮಾತೇ ಆಡೋಣ. ಡೀಸೆಲ್ ಟರ್ಬೊ ಬಗ್ಗೆ ಕೇಳಿದವರು ಬೇಜಾರು ಮಾಡ್ಕೋಬೇಡಿ, ಮುಂದಿನ ತಿಂಗಳು ನಿಮ್ಮದೇ ಸರದಿ.

ನಾನು 1986ರಲ್ಲಿ ಜೆ.ಸಿ. ರಸ್ತೆಯಲ್ಲಿ ಸ್ಪ್ಯಾನರ್ ಹಿಡಿದವನು. ಅಂಬಾಸಿಡರ್, ಪದ್ಮಿನಿ ಬಿಚ್ಚಿ ಕಲಿತ ಕೈ ಇದು. ಮೊದಲ ಹೈಬ್ರಿಡ್ ಗ್ಯಾರೇಜಿಗೆ ಬಂದಾಗ ಬಾನೆಟ್ ತೆಗೆದು ಎರಡು ನಿಮಿಷ ಸುಮ್ನೆ ನಿಂತಿದ್ದೆ. ಹೈ ವೋಲ್ಟೇಜ್ ಹರಿಯುವ ಕಿತ್ತಳೆ ಬಣ್ಣದ ವೈರ್ ಮುಟ್ಟೋಕೆ ಧೈರ್ಯ ಇರಲಿಲ್ಲ. ಆಮೇಲೆ ಕಲಿತೆ. ಕಲಿತಷ್ಟನ್ನು ಹೇಳುತ್ತೇನೆ.

ಪ್ರಶ್ನೆ: ಸರ್, ಡೀಲರ್ ಒಬ್ಬರು 2014ರ ಟೊಯೊಟಾ ಕ್ಯಾಮ್ರಿ ಹೈಬ್ರಿಡ್ ತೋರಿಸಿದ್ದಾರೆ. 1,32,000 ಕಿ.ಮೀ. ಓಡಿದೆ. ಏಳೂವರೆ ಲಕ್ಷ ಹೇಳುತ್ತಿದ್ದಾರೆ. ಒಂದು ರೌಂಡ್ ಓಡಿಸಿದೆ, ಸದ್ದೇ ಇಲ್ಲ. ಮನಸ್ಸು ಸೋತಿದೆ. ಆದರೆ ಮಗ, "ಅಪ್ಪಾ, ಬ್ಯಾಟರಿ ಹೋದರೆ ಕಾರಿನ ಅರ್ಧ ಬೆಲೆ ಕೊಡಬೇಕಾಗುತ್ತೆ" ಎಂದು ಹೆದರಿಸುತ್ತಿದ್ದಾನೆ. ಏನು ಮಾಡಲಿ?
— ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಉತ್ತರ: ಮಗ ಸುಳ್ಳು ಹೇಳಿಲ್ಲ ಸರ್. ಆದರೆ ಹೆದರಬೇಕಾದ್ದು ಬ್ಯಾಟರಿಗೆ ಒಂದಕ್ಕೇ ಅಲ್ಲ.

ಈ ಗಾಡಿ ನಿಮಗೆ ದೂರದ್ದೇನಲ್ಲ. ನೀವು ಬೆಂಗಳೂರಿಗೆ ಹೋಗಿ ಬರುವ ದಾರಿಯಲ್ಲೇ, ಬಿಡದಿಯಲ್ಲಿ ಜೋಡಿಸಿದ್ದು. 2013ರಲ್ಲಿ ಬಂದಾಗ ದೆಹಲಿ ಶೋರೂಂ ಬೆಲೆ 29.75 ಲಕ್ಷ. ನಮ್ಮ ರಾಜ್ಯದ ತೆರಿಗೆ ಕಟ್ಟಿ ರಸ್ತೆಗೆ ಇಳಿಸುವಾಗ ಮೂವತ್ತೈದು ದಾಟುತ್ತಿತ್ತು. ಆ ಅಂಕಿ ತಲೆಯಲ್ಲಿ ಇಟ್ಟುಕೊಳ್ಳಿ. ಕಾರಿನ ಬೆಲೆ ಏಳೂವರೆಗೆ ಇಳಿದಿದೆ, ಪಾರ್ಟ್ಸ್ ಬೆಲೆ ಇಳಿದಿಲ್ಲ. ಹೆಡ್‌ಲೈಟ್ ಒಡೆದರೆ ಇವತ್ತಿಗೂ ಮೂವತ್ತೈದು ಲಕ್ಷದ ಕಾರಿನ ಹೆಡ್‌ಲೈಟನ್ನೇ ಕೊಳ್ಳಬೇಕು. ಬೇರೆ ಗಾಡಿಗಾದರೆ ಶಿವಾಜಿನಗರದ ಗುಜರಿಗೆ ಹೋಗಿ ಹುಡುಕಿಕೊಂಡು ಬರುತ್ತೇವೆ. ಇದಕ್ಕೆ ಅಲ್ಲೂ ಸಿಗುವುದು ಅಪರೂಪ. ಸೆಕೆಂಡ್ ಹ್ಯಾಂಡ್ ದೊಡ್ಡ ಕಾರು ಕೊಂಡು ಕೈ ಸುಟ್ಟುಕೊಂಡವರಲ್ಲಿ ಮುಕ್ಕಾಲು ಪಾಲು ಜನ ಈ ಲೆಕ್ಕದಲ್ಲೇ ಎಡವಿದವರು.

ಇನ್ನು ಗಾಡಿಯ ಒಳ್ಳೆಯ ಗುಣ. ಇದರಲ್ಲಿ ಸ್ಟಾರ್ಟರ್ ಮೋಟಾರ್ ಇಲ್ಲ, ಆಲ್ಟರ್ನೇಟರ್ ಇಲ್ಲ, ಕ್ಲಚ್ ಪ್ಲೇಟ್ ಇಲ್ಲ. ಗೇರ್ ಬಾಕ್ಸ್ ಅನ್ನುವುದು ಎರಡು ಮೋಟಾರ್ ಮತ್ತು ಪ್ಲಾನೆಟರಿ ಗೇರ್‌ಗಳ ಜೋಡಣೆ, ಅಷ್ಟೇ. ಇಲ್ಲದ ಪಾರ್ಟ್ ಕೆಡೋದಿಲ್ಲ, ಅಲ್ವಾ? 2.5 ಲೀಟರ್ ಪೆಟ್ರೋಲ್ ಎಂಜಿನ್ನಿನ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸಲು ಟೈಮಿಂಗ್ ಚೈನ್ ಇದೆ, ಬೆಲ್ಟ್ ಬದಲಾಯಿಸುವ ಗೋಜಿಲ್ಲ. ಆಯಿಲ್ ಹೊತ್ತಿಗೆ ಸರಿಯಾಗಿ ಹಾಕಿದ್ದರೆ 1,32,000 ಕಿ.ಮೀ. ಈ ಎಂಜಿನ್ನಿಗೆ ಏನೂ ಅಲ್ಲ.

ಬ್ಯಾಟರಿಗೆ ಬರೋಣ. ಹಿಂದಿನ ಸೀಟಿನ ಬೆನ್ನಿಗೆ ಒಂದು ಪೆಟ್ಟಿಗೆ. ಅದರಲ್ಲಿ 34 ಮಾಡ್ಯೂಲ್, ಒಂದೊಂದರಲ್ಲಿ 6 ಸೆಲ್. ಒಟ್ಟು 204 ಸೆಲ್, 244.8 ವೋಲ್ಟ್. ನಿಕಲ್ ಜಾತಿಯ ಬ್ಯಾಟರಿ, ಮೊಬೈಲಿನ ಲಿಥಿಯಂ ಅಲ್ಲ. ಕಂಪ್ಯೂಟರ್ ಇದನ್ನು ಪೂರ್ತಿ ತುಂಬಲೂ ಬಿಡುವುದಿಲ್ಲ, ಪೂರ್ತಿ ಖಾಲಿಯಾಗಲೂ ಬಿಡುವುದಿಲ್ಲ. ಅರ್ಧ ಹೊಟ್ಟೆ ಊಟ ಮಾಡುವವನಿಗೆ ಆಯಸ್ಸು ಜಾಸ್ತಿ ಅಂತಾರಲ್ಲ, ಹಾಗೆ. ಅದಕ್ಕೇ ಹತ್ತು ವರ್ಷ ದಾಟಿಯೂ ಓಡುತ್ತಿರುವ ಪ್ಯಾಕ್‌ಗಳು ಬೇಕಾದಷ್ಟಿವೆ.

ಇದನ್ನು ಕೊಲ್ಲುವುದು ಬಿಸಿ. ಬಿಸಿ ಇಳಿಸಲು ಒಂದು ಫ್ಯಾನ್ ಇದೆ. ಕಾರಿನೊಳಗಿನ ಎಸಿ ಗಾಳಿಯನ್ನೇ ಹಿಂದಿನ ಸೀಟಿನ ಹತ್ತಿರದ ಜಾಲರಿಯಿಂದ ಎಳೆದು ಪ್ಯಾಕ್ ಮೇಲೆ ಬಿಡುತ್ತದೆ. ಆ ಜಾಲರಿ ಏನೆಂದು ಗೊತ್ತಿಲ್ಲದೆ ಜನ ಅದರ ಮೇಲೆ ದಿಂಬು ಇಡುತ್ತಾರೆ, ಟವೆಲ್ ಹಾಸುತ್ತಾರೆ. ಮನೆಯಲ್ಲಿ ನಾಯಿ ಇದ್ದರಂತೂ ಕೂದಲೆಲ್ಲ ಫ್ಯಾನಿಗೆ.

ಎರಡು ಬೇಸಿಗೆ ಹಿಂದೆ ಬಳ್ಳಾರಿ ಕಡೆಯಿಂದ ಒಂದು ಹೈಬ್ರಿಡ್ ಬಂತು. ಕಂಪನಿ ಹೆಸರು ಬೇಡ, ತಪ್ಪು ಗಾಡಿಯದ್ದಲ್ಲ. ಯಜಮಾನರಿಗೆ ಗಣಿ ಕೆಲಸ, ಕಿಟಕಿ ಇಳಿಸಿಕೊಂಡೇ ಓಡಾಡಿದವರು. ಫ್ಯಾನ್ ಬಿಚ್ಚಿದರೆ ರೆಕ್ಕೆಗಳ ಸಂದಿಯಲ್ಲಿ ಕೆಂಪು ಮಣ್ಣು ಗೋಡೆಗೆ ಮೆತ್ತಿದ ಹಾಗೆ ಮೆತ್ತಿಕೊಂಡಿತ್ತು. ನಡುವಿನ ಮಾಡ್ಯೂಲ್‌ಗಳು ಬಿಸಿಗೆ ಉಬ್ಬಿದ್ದವು. ವರ್ಷಕ್ಕೊಂದು ಸಲ ಎರಡು ಗಂಟೆ ಕೂತು ಆ ಫ್ಯಾನ್ ತೊಳೆದಿದ್ದರೆ ನನ್ನ ಲೇಬರ್ 2,500 ರೂಪಾಯಿ. ಅವರು ಕೊನೆಗೆ ಕೊಟ್ಟಿದ್ದು 3,80,000. ಬಿಲ್ ನೋಡಿ ಅವರು ಮಾತಾಡಲಿಲ್ಲ, ನಾನೂ ಆಡಲಿಲ್ಲ. ಕಾಫಿ ತರಿಸಿದೆ.

ಈಗ ನೀವು ಮಾಡಬೇಕಾದ್ದು. ಮೊದಲು, ಡೀಲರ್ ಅಂಗಡಿಯ ಸುತ್ತ ಒಂದು ರೌಂಡ್ ಹೊಡೆದು ಒಪ್ಪಬೇಡಿ. ಮಧ್ಯಾಹ್ನದ ಬಿಸಿಲಲ್ಲಿ ಎಸಿ ಹಾಕಿಕೊಂಡು ನಂಜನಗೂಡಿಗೆ ಹೋಗಿ ಬನ್ನಿ. ಹಾಗೇ ಚಾಮುಂಡಿ ಬೆಟ್ಟ ಹತ್ತಿಸಿ ಇಳಿಸಿ. ಇಳಿಯುವಾಗ ಪರದೆಯ ಮೇಲೆ ಬ್ಯಾಟರಿ ಗೆರೆಗಳು ಏರುತ್ತವೆ, ಅದು ಸರಿ. ಕೆಳಗೆ ಬಂದು ಊರೊಳಗಿನ ಟ್ರಾಫಿಕ್‌ನಲ್ಲಿ ಮೆಲ್ಲಗೆ ಓಡಿಸಿ. ತುಂಬಿದ್ದ ಗೆರೆಗಳು ನಾಲ್ಕೈದು ನಿಮಿಷದಲ್ಲೇ ದಡಕ್ಕನೆ ತಳಕ್ಕೆ ಬಿದ್ದರೆ, ಮತ್ತೆ ಅಷ್ಟೇ ಬೇಗ ಮೇಲೆದ್ದರೆ, ಪ್ಯಾಕ್ ಮುದಿಯಾಗಿದೆ. ಹಿಂದಿನ ಸೀಟಿನಲ್ಲಿ ಮಗನನ್ನು ಕೂರಿಸಿ. ಫ್ಯಾನ್ ಬುಸ್ ಎಂದು ಬಿಡದೆ ಕೂಗುತ್ತಿದ್ದರೆ ಅವರಿಗೆ ಕೇಳುತ್ತದೆ.

ಇಷ್ಟಾದ ಮೇಲೆ, ಗಾಡಿ ಬಿಸಿ ಇರುವಾಗಲೇ, ಅದರ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ. ಓಡಿಸುವ ಮೊದಲು ಬೇಡ. ಕೆಲವರು ದೋಷ ತೋರಿಸುವ ಕೋಡ್ ಅಳಿಸಿ ಗಾಡಿ ತೋರಿಸುತ್ತಾರೆ, ಸ್ವಲ್ಪ ಓಡಿದ ಮೇಲೆ ಅದು ಮತ್ತೆ ತಲೆ ಎತ್ತುತ್ತದೆ. ಪಿ0ಎ80 ಎಂಬ ಕೋಡ್ ಬಂದರೆ ಪ್ಯಾಕ್ ಬದಲಾಯಿಸಿ ಎಂದರ್ಥ. ಕೋಡ್ ಇಲ್ಲದಿದ್ದರೂ ಬಿಡಬೇಡಿ. ಎರಡೆರಡು ಮಾಡ್ಯೂಲ್ ಸೇರಿ ಒಂದು ಬ್ಲಾಕ್, ಒಟ್ಟು 17 ಬ್ಲಾಕ್. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸ್ಕ್ಯಾನರಿನಲ್ಲಿ ಹದಿನೇಳರ ವೋಲ್ಟೂ ಒಟ್ಟಿಗೆ ಇಳಿಯಬೇಕು, ಒಟ್ಟಿಗೆ ಏರಬೇಕು. ಒಂದೆರಡು ಮಾತ್ರ ಉಳಿದವಕ್ಕಿಂತ ಒಂದು ವೋಲ್ಟ್ ಕೆಳಗೆ ಬಿದ್ದರೆ ಕೈ ಮುಗಿದು ಬಂದುಬಿಡಿ. ಇಲ್ಲವೇ ಆ ಲೆಕ್ಕದಲ್ಲಿ ಬೆಲೆ ಇಳಿಸಿ.

"ಒಂದೇ ಮಾಡ್ಯೂಲ್ ಹಾಕಿ ಕೊಡ್ತೀನಿ, ಮೂವತ್ತು ಸಾವಿರ ಸಾಕು" ಅನ್ನುವವರು ಸಿಗುತ್ತಾರೆ. ಹಳೇ ಎತ್ತಿನ ಜೊತೆ ಎಳೇ ಎತ್ತು ಕಟ್ಟಿ ಉಳುವ ಕೆಲಸ ಅದು. ಉಳಿದ 33ಕ್ಕೂ ಅಷ್ಟೇ ವಯಸ್ಸು. ಆರು ತಿಂಗಳಿಗೆ ಪಕ್ಕದ್ದು ಮಲಗುತ್ತದೆ. ಒಂದು ಮಾತ್ರ ನಿಜ, ಕೆಲವು ಸಲ ಮಾಡ್ಯೂಲ್‌ಗಳನ್ನು ಕೂಡಿಸುವ ತಾಮ್ರದ ಪಟ್ಟಿ ಹಸಿರು ಹಿಡಿದಿರುತ್ತದೆ. ಅದನ್ನು ಉಜ್ಜಿ ಹಾಕಿದರೇ ಸರಿಹೋದ ಗಾಡಿಗಳನ್ನು ನೋಡಿದ್ದೇನೆ. ಹಾಗಾಗಿ ಬಿಚ್ಚಿ ನೋಡದೆ ಯಾರು ಏನು ಹೇಳಿದರೂ ನಂಬಬೇಡಿ.

ಬ್ಯಾಟರಿ ಹೆಸರಲ್ಲಿ ಜನ ಮರೆಯುವ ಇನ್ನೆರಡು ಇವೆ. ಒಂದು, ಬ್ಯಾಟರಿ ಕರೆಂಟನ್ನು ಮೋಟಾರಿಗೆ ಹೊಂದಿಸಿ ಕೊಡುವ ಇನ್ವರ್ಟರನ್ನು ತಂಪು ಮಾಡುವ ಸಣ್ಣ ನೀರಿನ ಪಂಪ್. ಇನ್ವರ್ಟರಿಗೆ ಬೇರೆಯೇ ಕೂಲೆಂಟ್ ಡಬ್ಬಿ ಇದೆ. ಡ್ಯಾಶ್‌ಬೋರ್ಡಿನಲ್ಲಿ 'ರೆಡಿ' ದೀಪ ಹತ್ತಿ ಗಾಡಿ ಹೊರಡಲು ಸಿದ್ಧವಿದ್ದಾಗ ಅದರೊಳಗೆ ನೀರು ಅಲುಗಾಡುತ್ತಿರಬೇಕು. ನಿಶ್ಚಲವಾಗಿದ್ದರೆ ಪಂಪ್ ನಿಂತಿದೆ. ಪಂಪ್‌ಗೆ ಹದಿನೈದು ಇಪ್ಪತ್ತು ಸಾವಿರ ಲೆಕ್ಕ ಇಟ್ಟುಕೊಳ್ಳಿ. ಅದನ್ನು ಕಡೆಗಣಿಸಿ ಇನ್ವರ್ಟರ್ ಸುಟ್ಟರೆ ಲಕ್ಷಗಳ ಮಾತು.

ಇನ್ನೊಂದು, ಬ್ರೇಕ್. ನೀವು ಪೆಡಲ್ ಒತ್ತಿದಾಗ ಬ್ರೇಕ್ ಹಿಡಿಯುವುದು ಒಂದು ವಿದ್ಯುತ್ ಪಂಪ್ ಮತ್ತು ಕಂಪ್ಯೂಟರ್. ಬಾಗಿಲು ತೆಗೆದಾಗ ಕುರ್ರ್ ಎಂದು ಒಂದು ಸಲ ಸದ್ದು ಬಂದರೆ ಅದು ಸಹಜ. ಗಾಡಿ ರೆಡಿಯಲ್ಲಿಟ್ಟು, ಬ್ರೇಕ್ ಮುಟ್ಟದೆ ಐದು ನಿಮಿಷ ಕೂತು ಕಿವಿಗೊಡಿ. ಅರ್ಧರ್ಧ ನಿಮಿಷಕ್ಕೆ ಆ ಸದ್ದು ಬರುತ್ತಿದ್ದರೆ ಒಳಗೆ ಒತ್ತಡ ಸೋರುತ್ತಿದೆ. ಆ ಯೂನಿಟ್ ಪೂರ್ತಿಯಾಗಿಯೇ ಬದಲಾಗಬೇಕು, ಒಂದು ಲಕ್ಷದ ಮೇಲೆ. ಇದನ್ನು ಕೇಳಿಸಿಕೊಳ್ಳಲು ಸ್ಕ್ಯಾನರೂ ಬೇಡ, ಮೆಕ್ಯಾನಿಕ್ಕೂ ಬೇಡ. ಎಸಿ ಆಫ್ ಮಾಡಿ, ಡೀಲರ್ ಬಾಯಿ ಮುಚ್ಚಿಸಿದರೆ ಸಾಕು.

ಎಲ್ಲ ಸರಿ ಇದ್ದರೆ ಆರು ಲಕ್ಷಕ್ಕೆ ಮಾತಾಡಿ. ಉಳಿದ ಒಂದೂವರೆಗೆ ಇನ್ನೊಂದಿಷ್ಟು ಸೇರಿಸಿ ಮೂರು ಲಕ್ಷ ಕಾರಿನ ಹೆಸರಲ್ಲಿ ಎತ್ತಿಡಿ. ಬ್ಯಾಂಕಿನವರಿಗೆ ನಾನು ಎಫ್‌ಡಿ ಪಾಠ ಹೇಳಬಾರದು. ಆದರೆ ಆ ಮೂರು ಲಕ್ಷ ಎತ್ತಿಡಲು ಆಗದಿದ್ದರೆ ಈ ಕಾರು ಕೊಳ್ಳಲೂ ಹೋಗಬೇಡಿ.

ಪ್ರಶ್ನೆ: ಮಗ ಕೊಡಿಸಿದ ಹೈಬ್ರಿಡ್ ಕಾರು. ನಾವು ಎರಡು ತಿಂಗಳು ಅವನ ಮನೆಗೆ ಅಮೆರಿಕಕ್ಕೆ ಹೋಗಿ ಬಂದೆವು. ಬಂದು ಬಟನ್ ಒತ್ತಿದರೆ ದೀಪಗಳು ಮಿಣಮಿಣ ಎಂದು ಸತ್ತವು. ಡಿಕ್ಕಿಯೂ ತೆರೆಯುತ್ತಿಲ್ಲ. ಫೋನಿನಲ್ಲಿ ವಿಚಾರಿಸಿದರೆ, "ಹೈಬ್ರಿಡ್ ಸಿಸ್ಟಂ ಪೂರ್ತಿ ಚೆಕ್ ಮಾಡಬೇಕು, ಟೋ ಮಾಡಿಸಿ ತನ್ನಿ, ದೊಡ್ಡ ಖರ್ಚು ಬರಬಹುದು" ಎಂದರು. ಕೈಕಾಲು ಆಡುತ್ತಿಲ್ಲ.
— ನಿವೃತ್ತ ಶಿಕ್ಷಕಿ, ದಾವಣಗೆರೆ

ಉತ್ತರ: ಮೇಡಂ, ಟೋ ಮಾಡಿಸಬೇಡಿ. ಇದು ನೂರಕ್ಕೆ ತೊಂಬತ್ತು ಪಾಲು ಚಿಕ್ಕ ಬ್ಯಾಟರಿಯ ಕೆಲಸ. ನಿಮ್ಮ ಕಾರಿನಲ್ಲಿ ಎರಡು ಬ್ಯಾಟರಿ ಇವೆ. ದೊಡ್ಡದು ಆನೆ, ಚಿಕ್ಕದು ಮಾವುತ. ಮಾವುತ ಎದ್ದು ಅಂಕುಶ ಹಿಡಿಯದೆ ಆನೆ ಹೆಜ್ಜೆ ಇಡೋದಿಲ್ಲ. ಚಿಕ್ಕದು, ಎಲ್ಲ ಕಾರಿನಲ್ಲೂ ಇರುವ 12 ವೋಲ್ಟಿನದೇ, ಮೊದಲು ಕಂಪ್ಯೂಟರನ್ನು ಎಬ್ಬಿಸಬೇಕು. ಎರಡು ತಿಂಗಳು ನಿಂತಲ್ಲೇ ನಿಂತರೆ ಅಲಾರಂ, ರಿಮೋಟ್ ಎಲ್ಲ ಸೇರಿ ಅದನ್ನು ಹೀರಿಬಿಡುತ್ತವೆ.

ರಿಮೋಟಿನ ಹೊಟ್ಟೆಯಲ್ಲಿ ಒಂದು ಲೋಹದ ಕೀ ಅಡಗಿರುತ್ತದೆ, ಪಕ್ಕದ ಸಣ್ಣ ಗುಂಡಿ ಒತ್ತಿ ಎಳೆಯಿರಿ. ಅದರಿಂದ ಬಾಗಿಲು ತೆಗೆಯಬಹುದು. ಬ್ಯಾಟರಿ ಡಿಕ್ಕಿಯಲ್ಲಿರುವ ಮಾಡೆಲ್‌ಗಳಲ್ಲಿ ಬಾನೆಟ್ ಒಳಗಿನ ಫ್ಯೂಸ್ ಪೆಟ್ಟಿಗೆಯಲ್ಲಿ ಜಂಪ್ ಕೊಡುವ, ಅಂದರೆ ಬೇರೆ ಕಾರಿನ ಬ್ಯಾಟರಿಯಿಂದ ಕೇಬಲ್ ಎಳೆದು ಕರೆಂಟ್ ಕೊಡುವ, ಜಾಗ ಇರುತ್ತದೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಚಿತ್ರ ಇದೆ. ಪಕ್ಕದ ಮನೆ ಕಾರಿನಿಂದ ಜಂಪ್ ತೆಗೆದುಕೊಳ್ಳಿ, ಪ್ಲಸ್ ಮೈನಸ್ ಮಾತ್ರ ತಪ್ಪಬಾರದು. ತಪ್ಪಿದರೆ ಆಗ ನಿಜವಾಗಿಯೂ ದೊಡ್ಡ ಖರ್ಚು. ಮತ್ತೊಂದು, ನಿಮ್ಮ ಹೈಬ್ರಿಡ್‌ನಿಂದ ಬೇರೆಯವರ ಕಾರಿಗೆ ಜಂಪ್ ಕೊಡಬೇಡಿ. ಚಿಕ್ಕ ಬ್ಯಾಟರಿಗೆ ಅಷ್ಟು ತಾಕತ್ತಿಲ್ಲ.

ಸ್ಟಾರ್ಟ್ ಆದ ಮೇಲೆ ಹತ್ತಿರದ ಎಲೆಕ್ಟ್ರಿಷಿಯನ್ ಹತ್ತಿರ ಮೀಟರ್ ಇಡಿಸಿ. ರಾತ್ರಿ ಪೂರ್ತಿ ನಿಂತ ಮೇಲೆ 12.6 ವೋಲ್ಟ್ ಸುತ್ತಮುತ್ತ ಇದ್ದರೆ ಚೆನ್ನಾಗಿದೆ. 12ರ ಕೆಳಗೆ ಇಳಿದಿದ್ದರೆ ಬದಲಾಯಿಸಿ. ನಿಮ್ಮದು ಡಿಕ್ಕಿಯೊಳಗಿನ ಬ್ಯಾಟರಿಯಾದರೆ ಇದಕ್ಕೆ ಗ್ಯಾಸ್ ಹೊರಹೋಗುವ ಕೊಳವೆ ಇರುವ, ಎಜಿಎಂ ಎನ್ನುವ ಜಾತಿಯ ಬ್ಯಾಟರಿಯೇ ಬೇಕು. ಹದಿನೈದರಿಂದ ಇಪ್ಪತ್ತು ಸಾವಿರ ಆದೀತು. ಅಂಗಡಿಯವರು ಐದು ಸಾವಿರದ್ದು ಕೂರಿಸುತ್ತೇನೆ ಎಂದರೆ ಬೇಡ ಅನ್ನಿ.

ಮುಂದಿನ ಸಲ ಊರಿಗೆ ಹೋಗುವಾಗ ಪಕ್ಕದ ಮನೆಯವರಿಗೆ ಕೀ ಕೊಟ್ಟು ಹೋಗಿ. ಹತ್ತು ದಿನಕ್ಕೊಮ್ಮೆ, 'ರೆಡಿ' ದೀಪ ಹತ್ತಿಸಿ ಒಂದು ಗಂಟೆ ಬಿಡಲಿ. ಶೆಡ್ಡಿನ ಬಾಗಿಲು ತೆಗೆದಿಟ್ಟು. ರೆಡಿ ದೀಪ ಹತ್ತದೆ ಬರೀ ಆನ್ ಮಾಡಿ ಬಿಟ್ಟರೆ ಇರುವ ಚಾರ್ಜೂ ಇಳಿಯುತ್ತದೆ. ಮತ್ತೆ, ಶೆಡ್ಡಿನಲ್ಲಿ ಇಲಿ ಇದ್ದರೆ ಮೊದಲು ಇಲಿ ಓಡಿಸಿ. ಕಿತ್ತಳೆ ವೈರನ್ನು ಇಲಿ ಕಡಿದರೆ ಟೇಪ್ ಸುತ್ತುವ ಹಾಗಿಲ್ಲ, ಇಡೀ ಕೇಬಲ್ ಬದಲಾಗಬೇಕು.

ಪ್ರಶ್ನೆ: ನಾವಿಬ್ಬರೂ ಐಟಿಯಲ್ಲಿದ್ದೇವೆ. 2019ರ ಲೆಕ್ಸಸ್ ಇಎಸ್ 300ಎಚ್ ನೋಡಿದ್ದೇವೆ. 41,000 ಕಿ.ಮೀ., 31 ಲಕ್ಷ. ಉಳಿದವರೆಲ್ಲ 35ರ ಮೇಲೆ ಹೇಳುತ್ತಿರುವಾಗ ಇದು ಇಷ್ಟು ಅಗ್ಗ ಯಾಕೆ? ಹಿಂದಿನ ಮಾಲೀಕರ ಮನೆ ಸರ್ಜಾಪುರ ರಸ್ತೆ ಕಡೆಯಂತೆ.
— ದಂಪತಿ, ಬೆಂಗಳೂರು

ಉತ್ತರ: ಪ್ರಶ್ನೆಯ ಕೊನೆಯ ಸಾಲಿನಲ್ಲೇ ಉತ್ತರ ಇರಬಹುದು. ಇಲ್ಲದೆಯೂ ಇರಬಹುದು, ನೋಡದೆ ಹೇಳಬಾರದು. 2022ರ ಸೆಪ್ಟೆಂಬರ್ ಮೊದಲ ವಾರ ನೆನಪಿದೆಯಾ? ಯಮಲೂರು, ಸರ್ಜಾಪುರ ರಸ್ತೆ, ರೈನ್‌ಬೋ ಡ್ರೈವ್ ಬಡಾವಣೆಗಳಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ವಾರ ಅದು. ಕೋಟಿ ಬೆಲೆಯ ಕಾರುಗಳು ಗಾಜಿನವರೆಗೆ ಮುಳುಗಿ ನಿಂತಿದ್ದವು. ಆ ಕಾರುಗಳೆಲ್ಲ ಎಲ್ಲಿ ಹೋದವು ಅಂದುಕೊಂಡಿದ್ದೀರಿ? ಎಲ್ಲವೂ ಗುಜರಿಗೆ ಹೋಗಲಿಲ್ಲ.

ಮಾಮೂಲಿ ಕಾರು ನೆನೆದರೆ ಒಣಗಿಸಿ, ಸೀಟು ಬದಲಾಯಿಸಿ ಹೇಗೋ ಓಡಿಸಬಹುದು. ಈ ಇಎಸ್‌ನಲ್ಲಿ ಹೈಬ್ರಿಡ್ ಪ್ಯಾಕ್ ಹಿಂದಿನ ಸೀಟಿನ ಅಡಿಯಲ್ಲಿ ಕೂತಿದೆ. ಇದೂ 244.8 ವೋಲ್ಟಿನ ನಿಕಲ್ ಪ್ಯಾಕೇ. ನೀರು ಸೀಟಿನವರೆಗೆ ಬಂದಿತ್ತೆಂದರೆ ಪ್ಯಾಕ್ ನೆನೆದಿದೆ. ಅದು ಅವತ್ತೇ ಕೆಡುವುದಿಲ್ಲ, ಅದೇ ತೊಂದರೆ. ಕನೆಕ್ಟರ್ ಪಿನ್ನುಗಳು ಮೆಲ್ಲಗೆ ಹಸಿರಾಗುತ್ತವೆ. ಒಂದು ದಿನ ಮಳೆಯಲ್ಲಿ, ಯಾವುದೋ ಫ್ಲೈಓವರ್ ಮೇಲೆ, ಹೈ ವೋಲ್ಟೇಜ್ ಸೋರುತ್ತಿದೆ ಎಂದು ಕಂಪ್ಯೂಟರ್ ಗಾಡಿಯನ್ನು ನಿಲ್ಲಿಸುತ್ತದೆ. ಎಲ್ಲಿ ಸೋರುತ್ತಿದೆ ಎಂದು ಹುಡುಕುವುದಕ್ಕೇ ವಾರಗಟ್ಟಲೆ ಬೇಕು, ಅದಕ್ಕೂ ಲೇಬರ್ ಮೀಟರ್ ಓಡುತ್ತಿರುತ್ತದೆ.

ಹೀಗೆ ನೋಡಿ. ಎಲ್ಲ ಸೀಟ್ ಬೆಲ್ಟನ್ನೂ ಕೊನೆಯವರೆಗೆ ಎಳೆಯಿರಿ. ಅಡಿಯ ಒಂದು ಗೇಣಿನಲ್ಲಿ ಕೆಸರಿನ ಗೆರೆ ಇದ್ದರೆ ಗೊತ್ತಾಗುತ್ತದೆ. ಬೆಲ್ಟ್ ಮಾತ್ರ ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದರೆ ಅದು ಇನ್ನೂ ಅನುಮಾನ. ಮುಂದಿನ ಸೀಟಿನ ರೈಲು, ಅದರ ಬೋಲ್ಟು, ಡಿಕ್ಕಿಯೊಳಗೆ ಮ್ಯಾಟಿನ ಅಡಿಯ ಗುಂಡಿ, ಎಲ್ಲಿ ತುಕ್ಕು ಇದೆ ಟಾರ್ಚ್ ಹಾಕಿ ನೋಡಿ. ಹಿಂದಿನ ಸೀಟು ಎತ್ತಿಸಿ. ಎತ್ತೋದಿಲ್ಲ ಎಂದರೆ ಮಾತು ಮುಗಿಯಿತು. ಒಳಗೆ ಜೋರಾಗಿ ಸೆಂಟ್ ಹೊಡೆದಿದ್ದರೂ ನನಗೆ ಅನುಮಾನವೇ. ಮನೆಯವಳು ಹೇಳುವ ಹಾಗೆ, ಚೆನ್ನಾಗಿರೋ ಸಾರಿಗೆ ಯಾರೂ ಜಾಸ್ತಿ ಇಂಗು ಹಾಕಲ್ಲ.

ಕಾಗದ ಪತ್ರವನ್ನೂ ಬಿಡಬೇಡಿ. ಮಾಲೀಕರಿಂದಲೇ ವಿಮೆ ಕಂಪನಿಗೆ ಪತ್ರ ಹಾಕಿಸಿ, ಹಳೆಯ ಕ್ಲೇಮ್‌ಗಳ ವಿವರ ತರಿಸಿ. ಸರ್ವಿಸ್ ದಾಖಲೆಯಲ್ಲಿ 2022ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಏನಾಗಿದೆ ನೋಡಿ. ಆ ತಿಂಗಳುಗಳು ಖಾಲಿ ಇದ್ದು, ಆಮೇಲೆ ಮಾಲೀಕರ ಹೆಸರು ಬದಲಾಗಿದ್ದರೆ ನಿಮಗೇ ಅರ್ಥವಾಗುತ್ತದೆ.

ನೀರಿನ ಕಥೆ ಇಲ್ಲ ಎಂದು ಖಾತ್ರಿಯಾದರೆ, ಇದು ಒಳ್ಳೆಯ ಗಾಡಿ. 2018ರಲ್ಲಿ ಈ ಮಾಡೆಲ್ ಬಂದಾಗ 59.13 ಲಕ್ಷ ಇತ್ತು. 2020ರಿಂದ ಇದನ್ನೂ ಬಿಡದಿಯಲ್ಲೇ ಜೋಡಿಸತೊಡಗಿದರು, ಬೆಲೆ 51.90 ಲಕ್ಷದಿಂದ ಶುರುವಾಯಿತು. ನಿಮ್ಮ ಗಾಡಿ ಹೊರಗಿನಿಂದ ಬಂದ ಕಾಲದ್ದು. ನನ್ನನ್ನು ಕೇಳಿದರೆ ಇನ್ನಷ್ಟು ಹೆಚ್ಚು ಕೊಟ್ಟು 2020ರ ನಂತರದ್ದನ್ನೇ ಹುಡುಕುತ್ತೇನೆ. ಒಂದು ವರ್ಷ ಹೊಸದು, ಮಳೆಗೆ ಸಿಕ್ಕದ ಕಡೆಯದು.

ಪ್ರಶ್ನೆ: ಅಣ್ಣಾ, ನಾನು ಕ್ಯಾಲಿಫೋರ್ನಿಯಾದಲ್ಲಿ ಎಂಎಸ್ ಮುಗಿಸಿ ಕೆಲಸಕ್ಕೆ ಸೇರಿದ್ದೇನೆ. 2007ರ ಲೆಕ್ಸಸ್ ಆರ್‌ಎಕ್ಸ್ 400ಎಚ್, 1,58,000 ಮೈಲಿ, 5,500 ಡಾಲರ್. ನಮ್ಮ ಕನ್ನಡ ಕೂಟದ ಹಿರಿಯರೊಬ್ಬರದ್ದೇ. ಲೆಕ್ಸಸ್ ಈ ಬೆಲೆಗೆ ಸಿಗುತ್ತೆ ಅಂದರೆ ಬಿಡಬೇಕಾ?
— ಸಾಫ್ಟ್‌ವೇರ್ ಎಂಜಿನಿಯರ್, ಫ್ರೀಮಾಂಟ್

ಉತ್ತರ: ಹಿರಿಯರದ್ದು ಎನ್ನುವುದು ಒಳ್ಳೆಯದು ತಮ್ಮಾ, ಬಿಲ್ಲುಗಳನ್ನು ಫೈಲ್ ಮಾಡಿಟ್ಟಿರುತ್ತಾರೆ. ಆ ಫೈಲನ್ನೇ ಮೊದಲು ಕೇಳು. ಕಾರು ಆಮೇಲೆ.

ಫೈಲಿನಲ್ಲಿ ಹುಡುಕಬೇಕಾದ ಮೊದಲ ಬಿಲ್, ಟೈಮಿಂಗ್ ಬೆಲ್ಟ್. ಮೈಸೂರಿನವರ ಕ್ಯಾಮ್ರಿಗೆ ಚೈನ್ ಅಂದೆನಲ್ಲ, ಇದರ 3.3 ಲೀಟರ್ ವಿ6ಗೆ ಬೆಲ್ಟ್. 90,000 ಮೈಲಿಗೆ ಒಮ್ಮೆ ಬದಲಾಯಿಸಬೇಕು. ಜೊತೆಗೇ ವಾಟರ್ ಪಂಪ್ ಹಾಕಿಸುವುದು ರೂಢಿ, ಅದನ್ನು ತಿರುಗಿಸುವುದೂ ಅದೇ ಬೆಲ್ಟ್. ಬಿಲ್ ಇಲ್ಲದಿದ್ದರೆ ಸಾವಿರ ಡಾಲರಿನ ಮೇಲೆ ಬೆಲೆ ಇಳಿಸು. ಸ್ಪಾರ್ಕ್ ಪ್ಲಗ್ ಆರು, ಹಿಂದಿನ ಮೂರನ್ನು ಮುಟ್ಟಲು ಮೇಲಿನ ಇನ್‌ಟೇಕ್ ಬಿಚ್ಚಬೇಕು. ನಮ್ಮಲ್ಲಿ ಲೇಬರ್ ಅಗ್ಗ, ನಿಮ್ಮಲ್ಲಿ ಗಂಟೆಯ ಲೆಕ್ಕ. ಪ್ಲಗ್ಗಿಗಿಂತ ಅದರ ಕೂಲಿಯೇ ದೊಡ್ಡದು.

ಎರಡನೆಯದು, ಇನ್ವರ್ಟರ್. 2006, 2007ರ ಗಾಡಿಗಳ ಇನ್ವರ್ಟರಿನಲ್ಲಿ ಟ್ರಾನ್ಸಿಸ್ಟರ್ ಬೆಸುಗೆ ಸರಿಯಿಲ್ಲ ಎಂದು 2011ರಲ್ಲಿ ಕಂಪನಿಯೇ ವಾಪಸ್ ಕರೆದು ಸರಿಮಾಡಿಕೊಟ್ಟಿತ್ತು. ನಿನ್ನ ಗಾಡಿಗೆ ಆ ಕೆಲಸ ಆಗಿದೆಯಾ ನೋಡು. ಡ್ಯಾಶ್‌ಬೋರ್ಡಿನ ಗಾಜಿನ ಮೂಲೆಯಲ್ಲಿರುವ 17 ಅಕ್ಷರದ ನಂಬರನ್ನು ಅಲ್ಲಿನ ಸರ್ಕಾರಿ ಹೆದ್ದಾರಿ ಸುರಕ್ಷತಾ ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ಬಾಕಿ ಇರುವ ರೀಕಾಲ್ ಗೊತ್ತಾಗುತ್ತದೆ. ದುಡ್ಡಿಲ್ಲ, ಎರಡು ನಿಮಿಷದ ಕೆಲಸ.

ಬ್ಯಾಟರಿ ಇದರಲ್ಲಿ 288 ವೋಲ್ಟ್, 240 ಸೆಲ್, ಹಿಂದಿನ ಸೀಟಿನ ಅಡಿಯಲ್ಲಿ ಮೂರು ಭಾಗವಾಗಿ ಕೂತಿದೆ. ಮೂಲ ಪ್ಯಾಕ್ ಇನ್ನೂ ಇದ್ದರೆ ಅದು ಸಾಲದ ಮೇಲೆ ಬದುಕಿದೆ. ಡೀಲರ್ ಹತ್ತಿರ ಹೊಸದಕ್ಕೆ ನೀನು ಕಾರಿಗೆ ಕೊಡುವಷ್ಟೇ ಕೊಡಬೇಕಾದೀತು. ಹೊರಗೆ ರಿಪೇರಿ ಮಾಡಿದ ಪ್ಯಾಕ್ ಸುಮಾರು ಅರ್ಧಕ್ಕೆ ಸಿಗುತ್ತದೆ, ಆದರೆ ಗ್ಯಾರಂಟಿ ಬರಹದಲ್ಲಿ ಇರಲಿ. ಈಗಾಗಲೇ ಬದಲಾಯಿಸಿದ್ದರೆ ಹಿರಿಯರು ಕೇಳಿದ ಬೆಲೆ ಕೊಟ್ಟು ತೆಗೆದುಕೋ, ಚೌಕಾಸಿ ಬೇಡ. ಬ್ರೇಕ್ ಪಂಪಿನ ಸದ್ದಿನ ಬಗ್ಗೆ ಮೇಲೆ ಬರೆದಿದ್ದೇನೆ, ಅದು ಇದಕ್ಕೂ ಅನ್ವಯಿಸುತ್ತದೆ.

ಇನ್ನು ನಿಮ್ಮೂರಿನದೇ ಒಂದು ಕಾಟ. ಹೈಬ್ರಿಡ್‌ಗಳ ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆ ಶುದ್ಧ ಮಾಡುವ ಡಬ್ಬಿಯ ಕಳ್ಳತನ. ಅದರೊಳಗೆ ಪಲ್ಲೇಡಿಯಂ, ರೋಡಿಯಂನಂಥ ದುಬಾರಿ ಲೋಹ ಇರುತ್ತದೆ. ಎಂಜಿನ್ ಆಗಾಗ ಆಫ್ ಆಗಿಯೇ ಇರುವ ಹೈಬ್ರಿಡ್‌ನಲ್ಲಿ ಅದು ಕಡಿಮೆ ಸವೆದಿರುತ್ತದೆ ಎಂದು ಕಳ್ಳರಿಗೂ ಗೊತ್ತು. ಗಾಡಿಯನ್ನು ರಸ್ತೆ ಬದಿ ನಿಲ್ಲಿಸುವವನಾದರೆ ಅಡಿಗೆ ಒಂದು ಲೋಹದ ತಗಡು ಹಾಕಿಸು. ವಿಮೆಯೂ ಬರೀ ಥರ್ಡ್ ಪಾರ್ಟಿ ಬೇಡ.

ಕೆಲಸಕ್ಕೆ ಹೊಸದಾಗಿ ಸೇರಿದವನು, ಕೈಯಲ್ಲಿ ಇರುವುದೇ ಆರು ಸಾವಿರ ಡಾಲರ್ ಆದರೆ ಈ ಗಾಡಿ ಬೇಡ. ಹತ್ತು ಸಾವಿರ ಇದ್ದು, ಅದರಲ್ಲಿ ಐದೂವರೆ ಇದಕ್ಕೆ ಅನ್ನುವುದಾದರೆ ನೋಡು.

ಪ್ರಶ್ನೆ: ವೋಲ್ವೊ ಎಕ್ಸ್‌ಸಿ90 ಟಿ8, ಪ್ಲಗ್ ಹಾಕಿ ಚಾರ್ಜ್ ಮಾಡುವ ಹೈಬ್ರಿಡ್, ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಲು ಬಿಡುತ್ತಿಲ್ಲ. ಪೆಟ್ರೋಲಿನಲ್ಲೇ ಓಡಿಸಬಹುದಾ?
— ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಓಡಿಸಬಹುದು. ಬೇಡ.

ಎರಡು ಟನ್ನಿಗೂ ಜಾಸ್ತಿ ತೂಕದ ಗಾಡಿ. ಮುಂದೆ 2 ಲೀಟರ್ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ, ಸೂಪರ್‌ಚಾರ್ಜರ್ ಎರಡೂ. ಹಿಂದಿನ ಚಕ್ರಕ್ಕೆ ಬೇರೆ ಮೋಟಾರ್. ಇದರ ಜೊತೆ ಗಾಳಿಯ ಸಸ್ಪೆನ್ಷನ್ ಇರುವ ಗಾಡಿಯಾದರೆ, ಕೆಡಬಹುದಾದವುಗಳ ಪಟ್ಟಿ ಬರೆಯುತ್ತಾ ಹೋದರೆ ನನ್ನ ಅಂಕಣದ ಜಾಗ ಮುಗಿಯುತ್ತದೆ. ಚಾರ್ಜ್ ಮಾಡದಿದ್ದರೆ ದೊಡ್ಡ ಬ್ಯಾಟರಿಯನ್ನು ಸುಮ್ನೆ ಹೊತ್ತುಕೊಂಡು ಪೆಟ್ರೋಲ್ ಸುಡುತ್ತೀರಿ. ವೋಲ್ವೊ ಹೊಸಕೋಟೆಯಲ್ಲಿ ಕಾರು ಜೋಡಿಸುತ್ತದೆ ನಿಜ, ಅದರಿಂದ ಹಳೇ ಗಾಡಿಯ ಪಾರ್ಟ್ಸ್ ಅಗ್ಗವಾಗಿಲ್ಲ. ಸೊಸೈಟಿಯವರನ್ನು ಒಪ್ಪಿಸಿ ಪ್ಲಗ್ ಹಾಕಿಸಿಕೊಂಡ ದಿನ ಮತ್ತೆ ಪತ್ರ ಬರೆಯಿರಿ.

ಪ್ರಶ್ನೆ: ಹಾಸನದಲ್ಲಿ ಸಣ್ಣ ಗ್ಯಾರೇಜ್ ಇಟ್ಟಿದ್ದೇನೆ ಗುರುಗಳೇ. ಈಗೀಗ ಹೈಬ್ರಿಡ್ ಗಾಡಿಗಳು ಬರುತ್ತಿವೆ. ಎಸಿ ಗ್ಯಾಸ್ ತುಂಬಿ, ಫ್ಯಾನ್ ಕ್ಲೀನ್ ಮಾಡಿ ಅನ್ನುತ್ತಾರೆ. ಕೈ ಹಾಕಬಹುದಾ? ಭಯ ಆಗುತ್ತೆ.
— ಮೆಕ್ಯಾನಿಕ್, ಹಾಸನ

ಉತ್ತರ: ಭಯ ಆಗುತ್ತದೆ ಅಂದೆಯಲ್ಲ, ಹಾಗಾದರೆ ನೀನು ಕಲಿಯಬಹುದು. ಭಯ ಇಲ್ಲದ ಹುಡುಗರನ್ನು ನಾನು ಈ ಗಾಡಿಗಳ ಹತ್ತಿರ ಬಿಡೋದಿಲ್ಲ.

ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್ ಕೆಲಸಕ್ಕೆ ತೊಂದರೆ ಇಲ್ಲ. ಕೀ ಮಾತ್ರ ಗಾಡಿಯಿಂದ ದೂರ ಇಡು. ಸದ್ದಿಲ್ಲದೆ ನಿಂತಿದೆ ಎಂದು ಬಾನೆಟ್ ಒಳಗೆ ಕೈ ಹಾಕಿದಾಗ ಎಂಜಿನ್ ತಾನಾಗಿ ಎದ್ದುಬಿಡುತ್ತದೆ. ಮಂಗಳೂರು ಕಡೆಯ ಗಾಡಿ ಬಂದರೆ ಬ್ರೇಕ್ ಡಿಸ್ಕ್ ನೋಡು. ಮೋಟಾರೇ ಗಾಡಿಯನ್ನು ನಿಧಾನ ಮಾಡುವುದರಿಂದ ಪ್ಯಾಡ್ ಸವೆಯುವುದಿಲ್ಲ, ಉಪ್ಪು ಗಾಳಿಗೆ ಡಿಸ್ಕ್ ತುಕ್ಕು ಹಿಡಿದಿರುತ್ತದೆ.

ಎಸಿಯಲ್ಲಿ ಹುಷಾರು. ಇದರ ಕಂಪ್ರೆಸರ್ ಬೆಲ್ಟಿನದ್ದಲ್ಲ, ಹೈ ವೋಲ್ಟೇಜಿನ ಮೋಟಾರ್ ಅದರೊಳಗೇ ಇದೆ. ಬೇರೆ ಕಾರುಗಳಿಗೆ ಹಾಕುವ ಪಿಎಜಿ ಆಯಿಲ್ ಸ್ವಲ್ಪ ಒಳಗೆ ಹೋದರೂ ಕರೆಂಟ್ ಸೋರತೊಡಗುತ್ತದೆ, ಗಾಡಿ ಸ್ಟಾರ್ಟೇ ಆಗದೆ ಕೂರುತ್ತದೆ. ಇದಕ್ಕೆ ಎನ್‌ಡಿ-11 ಎಂಬ ಬೇರೆ ಆಯಿಲ್ ಇದೆ. ನಿನ್ನ ಗ್ಯಾಸ್ ಮೆಷಿನ್ನಿನ ಪೈಪಿನಲ್ಲಿ ಹಳೇ ಆಯಿಲ್ ಉಳಿದಿರುತ್ತದೆ. ಆದ್ದರಿಂದ ಇದಕ್ಕೆ ಬೇರೆ ಪೈಪ್ ಇಡು, ಇಲ್ಲವೇ ಕೆಲಸ ಒಪ್ಪಿಕೊಳ್ಳಬೇಡ. ಎಂಟುನೂರು ರೂಪಾಯಿ ಗ್ಯಾಸ್ ಕೆಲಸಕ್ಕೆ ಒಂದು ಲಕ್ಷದ ಕಂಪ್ರೆಸರ್ ತಲೆಗೆ ಕಟ್ಟಿಕೊಂಡವರನ್ನು ನೋಡಿದ್ದೇನೆ.

ಫ್ಯಾನ್ ಕ್ಲೀನಿಂಗಿಗೆ ಪ್ಯಾಕ್ ಪಕ್ಕದಲ್ಲೇ ಕೈ ಆಡಿಸಬೇಕು. 1,000 ವೋಲ್ಟಿನ ರಬ್ಬರ್ ಗ್ಲೌಸ್ ತೆಗೆದುಕೋ. ಹಾಕುವ ಮೊದಲು ಬಾಯಿ ಸುತ್ತಿ ಬಲೂನಿನಂತೆ ಉಬ್ಬಿಸಿ, ತೂತಿದೆಯಾ ನೋಡು. ಉಂಗುರ, ವಾಚ್, ಕೈಯಲ್ಲಿನ ದಾರದ ತಾಯಿತದ ಲೋಹ ಎಲ್ಲ ತೆಗೆದಿಡು. ಗಾಡಿ ಆಫ್ ಮಾಡಿ, 12 ವೋಲ್ಟಿನ ಮೈನಸ್ ಬಿಚ್ಚು. ಆಮೇಲೆ ಪ್ಯಾಕಿನ ಮೇಲಿರುವ, ಅದರ ಕರೆಂಟ್ ಕಡಿಯುವ ಕಿತ್ತಳೆ ಹಿಡಿಯ ಸರ್ವಿಸ್ ಪ್ಲಗ್ ಎಳೆ. ಇನ್ವರ್ಟರಿನ ಕೆಪಾಸಿಟರ್‌ನಲ್ಲಿ 650 ವೋಲ್ಟಿನವರೆಗೆ ಕೂತಿರುತ್ತದೆ, ಇಳಿಯಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಗಾಡಿ ಹತ್ತಿರ ನಿಂತು ಕೈ ತುರಿಸಿಕೊಳ್ಳಬೇಡ. ಹೊರಗೆ ಹೋಗಿ ಒಂದು ಟೀ ಕುಡಿದು ಬಾ. ಪ್ಲಗ್ ಮಾತ್ರ ನಿನ್ನ ಜೇಬಿನಲ್ಲೇ ಇರಲಿ, ಹುಡುಗರ ಕೈಗೆ ಕೊಡಬೇಡ.